ಸೆಂಬವಾಂಗ್ ಹಡಗುಕಟ್ಟೆಯ ಮದುಮಗ

ಮೂಡುಬಿದಿರೆ, ಹೊರಡುವ ಮುಂಚೆ

ಸಿಂಗಾಪುರಕ್ಕೆ ಹೋದವರು ಹಕ್ಕಿಗಳ ಪಾರ್ಕು ನೋಡುತ್ತಾರೆ, ಸಿಂಹದ ಬಾಯಿಂದ ನೀರು ಬೀಳುವಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ಬರುವಾಗ ಕ್ಯಾಮರಾವೋ ಮಿಕ್ಸಿಯೋ ಹೊತ್ತು ತರುತ್ತಾರೆ. ನಾನು ಹೋದದ್ದು ಗಂಡು ನೋಡಲಿಕ್ಕೆ. ಗಂಡು ತೀರಿಹೋಗಿ ಐವತ್ತು ವರ್ಷಗಳ ಮೇಲಾಗಿತ್ತು.

ನಗಬೇಡಿ ಎಂದು ಹೇಳುವುದಿಲ್ಲ. ಮೊದಲು ನಕ್ಕವಳೇ ನಾನು. ಮೂಡುಬಿದಿರೆ ಪೇಟೆಯಲ್ಲಿ ನನ್ನದೊಂದು ಪೈಂಟ್ ಅಂಗಡಿ ಇದೆ. ಗಂಡ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಾರೆ; ಬಣ್ಣದ ಒಳಗೆ ಏನೇನಿದೆ ಎಂಬುದು ಅವರಿಗೆ ಗೊತ್ತು, ಅದನ್ನು ಮಾರುವುದು ನನಗೆ ಗೊತ್ತು. ಹೊಸ ಶತಮಾನ ಶುರುವಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಜಾಸ್ತಿ ಮಾಲು ಎತ್ತಿದ ಅಂಗಡಿಯವರನ್ನೆಲ್ಲ ಬಣ್ಣದ ಕಂಪನಿಯವರು ಐದು ದಿನದ ಸಿಂಗಾಪುರ ಪ್ರವಾಸಕ್ಕೆ ಆರಿಸಿದರು. ಪಟ್ಟಿಯಲ್ಲಿ ಹೆಂಗಸು ನಾನೊಬ್ಬಳೇ. "ನಿಮ್ಮ ಬದಲಿಗೆ ಯಜಮಾನರನ್ನು ಕಳಿಸ್ತೀರಾ ಮೇಡಂ?" ಎಂದು ಮ್ಯಾನೇಜರು ಫೋನಿನಲ್ಲಿ ಕೇಳಿದರು. "ಮಾಲು ಎತ್ತಿದ್ದು ನಾನು, ವಿಮಾನ ಹತ್ತುವವಳೂ ನಾನೇ" ಎಂದು ಹೇಳಿ ಫೋನು ಕುಕ್ಕಿದೆ.

ಮರುದಿನವೇ ಅಮ್ಮ ಸಿದ್ಧಕಟ್ಟೆಯಿಂದ ಬಸ್ಸು ಹತ್ತಿ ಅಂಗಡಿಗೆ ಬಂದಳು. ಮಗಳು ವಿದೇಶಕ್ಕೆ ಹೋಗುತ್ತಾಳೆಂಬ ಸಂಭ್ರಮ ಅವಳ ಮುಖದಲ್ಲಿ ಒಂದಿಷ್ಟೂ ಇರಲಿಲ್ಲ.

"ಸಿಂಗಾಪುರ ಅಂದರೆ ನಮ್ಮ ದೂಮಪ್ಪ ಮಾವ ಇದ್ದ ಊರಲ್ಲವಾ? ದೇವರೇ ಕಳಿಸುವುದು ನಿನ್ನನ್ನು," ಎಂದಳು.

"ದೇವರಲ್ಲಮ್ಮ, ಡಿಸ್ಟೆಂಪರು," ಎಂದೆ.

ದೂಮಪ್ಪ ಎಂದರೆ ಅಮ್ಮನ ಸೋದರಮಾವ. ಬ್ರಿಟಿಷರು ತಮ್ಮ ಯುದ್ಧನೌಕೆಗಳಿಗಾಗಿ ಸಿಂಗಾಪುರದಲ್ಲಿ ದೊಡ್ಡ ಹಡಗುಕಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ, ಮನೆಯಲ್ಲಿ ಯಾವುದೋ ಮಾತಿಗೆ ಮುನಿದು ಹೊರಟವನು ಅಲ್ಲಿ ಕೆಲಸಕ್ಕೆ ಸೇರಿದನಂತೆ. ಎರಡು ಕಾಗದ ಬಂದವು. ಆಮೇಲೆ ಯುದ್ಧ ಬಂತು, ಕಾಗದ ನಿಂತಿತು. ಯುದ್ಧ ಮುಗಿದ ಮೇಲೂ ಎಷ್ಟೋ ವರ್ಷ ಕಾದು, ಕೊನೆಗೆ ಸತ್ತನೆಂದೇ ತಿಳಿದು ಕ್ರಿಯೆ ಮುಗಿಸಿದರು.

ನಮ್ಮ ತುಳುನಾಡಿನಲ್ಲಿ ಮದುವೆಯಾಗದೆ ಸತ್ತವರೂ ಒಂದು ದಿನ ಮದುವೆಯ ವಯಸ್ಸಿಗೆ ಬರುತ್ತಾರೆ. ಹಾಗೆ ಬಂದದ್ದು ಮನೆಯವರಿಗೆ ಗೊತ್ತಾಗುವುದು ಏನಾದರೂ ತೊಂದರೆ ಶುರುವಾದಾಗ. ನನ್ನ ಅಣ್ಣನ ಮಗಳಿಗೆ ಬಂದ ಸಂಬಂಧಗಳೆಲ್ಲ ಒಂದೊಂದಾಗಿ ತಪ್ಪಿಹೋಗುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಟ್ಟಾಗ, ಕಾರಣ ದೂಮಪ್ಪ ಮಾವ ಎಂದು ಕಂಡಿತು. ಇದಕ್ಕೆ ಪರಿಹಾರ ಕುಲೆ ಮದುವೆ: ಹಾಗೆಯೇ ಮದುವೆಯಾಗದೆ ಸತ್ತ ಒಬ್ಬ ಹೆಣ್ಣನ್ನು ಹುಡುಕಿ, ಬರಿ, ಅಂದರೆ ಗೋತ್ರ, ಬೇರೆಯಾ ಎಂದು ನೋಡಿ, ಎರಡು ಮಣೆಯ ಮೇಲೆ ಸೀರೆ, ಪಂಚೆ ಇಟ್ಟು, ಧಾರೆ ಎರೆದು, ಊಟ ಬಡಿಸಿ ಮದುವೆ ಮಾಡುವುದು. ಜೋರು ಮಳೆಯ ಆಟಿ ತಿಂಗಳಲ್ಲಿ ಬದುಕಿರುವವರ ಮದುವೆ ನಮ್ಮಲ್ಲಿ ನಡೆಯುವುದಿಲ್ಲ, ಇಂಥದ್ದು ನಡೆಯುತ್ತದೆ. ನನಗೆ ಇದರಲ್ಲೆಲ್ಲ ನಂಬಿಕೆ ಉಂಟೋ ಎಂದು ಕೇಳಬೇಡಿ. ಅಂಗಡಿ ತೆರೆಯುವಾಗ ದೀಪ ಹಚ್ಚುತ್ತೇನೆ, ಅಷ್ಟೇ.

ಹೆಣ್ಣು ಸಿಕ್ಕಿತ್ತು. ಶಿರ್ತಾಡಿಯ ಕಮಲ, ಹದಿನಾರನೇ ವರ್ಷಕ್ಕೆ ಜ್ವರ ಬಂದು ತೀರಿಕೊಂಡವಳು. ಅವಳ ತಂಗಿ ಗಿರಿಜಕ್ಕನಿಗೇ ಈಗ ಎಪ್ಪತ್ತು. ನಾನು ಹೊರಡುವ ಸುದ್ದಿ ಕೇಳಿ ಆಕೆಯೂ ಅಂಗಡಿಗೆ ಬಂದರು. ಕುರ್ಚಿ ಕೊಟ್ಟರೂ ಬೇಡವೆಂದು ಇಪ್ಪತ್ತು ಲೀಟರಿನ ಡಬ್ಬಿಯ ಮೇಲೆಯೇ ಕುಳಿತರು.

"ಮಗಾ, ಅವನು ಸತ್ತದ್ದು ಹೌದಾ ಅಂತ ಸರಿಯಾಗಿ ವಿಚಾರಿಸು. ಅಲ್ಲಿ ಯಾರನ್ನಾದರೂ ಕಟ್ಟಿಕೊಂಡಿದ್ದನಾ ಅಂತಲೂ ಕೇಳು."

"ಗಿರಿಜಕ್ಕ, ಇದು ಯಾವ ಕಾಲದ್ದು! ಅಲ್ಲಿ ಯಾರಲ್ಲಿ ಕೇಳುವುದು ನಾನು?"

"ಜೀವ ಇರುವ ಗಂಡಿಗೆ ಹೆಣ್ಣು ಕೊಡುವಾಗ ನಾಲ್ಕು ಕಡೆ ವಿಚಾರಿಸುವುದಿಲ್ಲವಾ? ಸತ್ತವನಾದರೆ ಬೇಡವಾ?"

ಆಮೇಲೆ ದನಿ ತಗ್ಗಿಸಿ ಒಂದು ವಿಷಯ ಹೇಳಿದರು. "ನನ್ನ ಗಂಡ ಇದ್ದರಲ್ಲ, ಅವರನ್ನು ನೋಡಿದ್ದು ಕಮಲಕ್ಕನಿಗೆ. ದಿನ ಸಹ ಗೊತ್ತಾಗಿತ್ತು. ಅಷ್ಟರಲ್ಲಿ ಅವಳು ಹೋದಳು. ಎರಡು ವರ್ಷ ಕಳೆದು, ಅವಳಿಗೆ ಮಾಡಿಸಿದ ಕರಿಮಣಿಯನ್ನೇ ನನ್ನ ಕುತ್ತಿಗೆಗೆ ಕಟ್ಟಿಸಿದರು. ಹದಿನಾಲ್ಕು ವರ್ಷ ನನಗೆ. ನನ್ನಲ್ಲಿ ಯಾರೂ ಕೇಳಲಿಲ್ಲ, ಅವಳಲ್ಲಿ ಕೇಳುವುದಂತೂ ಹೇಗೆ? ಆದರೂ ಅವಳದ್ದನ್ನು ತೆಗೆದುಕೊಂಡದ್ದು ನಾನೇ ಅಲ್ಲವಾ ಮಗಾ? ಈಗ ಅವಳಿಗೆ ಇನ್ನೊಬ್ಬಳ ಗಂಡನನ್ನು ಕೊಡಲಿಕ್ಕಿಲ್ಲ. ಅವಳಿಗೆ ಅವಳದ್ದೇ ಆಗಬೇಕು."

ಸೀರೆ, ಬಳೆ, ಕುಂಕುಮದ ಭರಣಿ ಎಲ್ಲ ತೆಗೆದಿಟ್ಟಾಗಿತ್ತು. ಆಟಿಗೆ ಇನ್ನು ಒಂದೇ ತಿಂಗಳಿತ್ತು. ಇನ್ನೊಂದು ಆಟಿ ಕಾಣುವ ಭರವಸೆ ಗಿರಿಜಕ್ಕನ ಹೃದಯದ ಡಾಕ್ಟರು ಕೊಟ್ಟಿರಲಿಲ್ಲ. ನಾನು ಹೂಂ ಎಂದೆ.

ಚಾಂಗಿ ವಿಮಾನ ನಿಲ್ದಾಣ

ವಿಮಾನದಲ್ಲಿ ನನ್ನ ಪಕ್ಕದ ಸೀಟು ಬಂಟ್ವಾಳದ ಇಸ್ಮಾಯಿಲ್ ಬ್ಯಾರಿಯವರದ್ದು. ಹಾರ್ಡ್‌ವೇರ್ ಅಂಗಡಿಯ ಮಾಲೀಕರು, ಐವತ್ತು ದಾಟಿದವರು, ಮಾತು ಶುರು ಮಾಡಿದರೆ ಬಿ.ಸಿ. ರೋಡಿನಿಂದ ಬೆಳ್ತಂಗಡಿ ತನಕ ನಿಲ್ಲಿಸದ ಮನುಷ್ಯ. ಅವರಿಗೆ ವಿಷಯ ಹೇಳಿದೆ. ನಕ್ಕು ನಕ್ಕು ಕಿತ್ತಳೆ ಜ್ಯೂಸು ಅಂಗಿಯ ಮೇಲೆ ಚೆಲ್ಲಿಕೊಂಡರು. ನನಗೆ ಸಿಟ್ಟು ಬಂತು.

"ನಗುವುದಾದರೆ ಆಚೆ ಸೀಟಿಗೆ ಹೋಗಿ ಬ್ಯಾರಿಗಳೇ."

"ಅಯ್ಯೋ ಇಲ್ಲ ಅಕ್ಕ, ನಾನೂ ಬರ್ತೇನೆ. ಹಕ್ಕಿ ನೋಡಲಿಕ್ಕೆ ಸಿಂಗಾಪುರಕ್ಕೆ ಬರಬೇಕಾ? ಕಾಗೆ ನಮ್ಮಲ್ಲಿಯೂ ಉಂಟು. ಆ ಹಡಗುಕಟ್ಟೆಯಲ್ಲಿ ಮಲಯಾಳಿಗಳೇ ತುಂಬಿದ್ದದ್ದಂತೆ, ನನ್ನ ಭಾಷೆ ಅಲ್ಲಿ ನಡೀತದೆ. ನಿಮ್ಮ ತುಳು, ಕನ್ನಡ ಕಟ್ಟಿಕೊಂಡು ನೀವು ಅಲ್ಲಿ ಎಂತ ಮಾಡ್ತೀರಿ?"

ಮಾತು ಸರಿಯಿತ್ತು. ಮನೆಯಲ್ಲಿ ಅವರು ಆಡುವ ಬ್ಯಾರಿ ಭಾಷೆಗೆ ನಾಲ್ಕು ಮಾತು ಹೆಚ್ಚುಕಡಿಮೆ ಮಾಡಿದರೆ ಮಲಯಾಳಿಗಳಿಗೆ ಅರ್ಥವಾಗುತ್ತದೆ.

ಚಾಂಗಿಯಲ್ಲಿ ನನ್ನ ಪೆಟ್ಟಿಗೆ ತೆರೆಸಿದರು. ಅಮ್ಮ ನನಗೆ ಹೇಳದೆ ಸೀರೆಗಳ ನಡುವೆ ಒಂದು ಗಂಟು ಇಟ್ಟಿದ್ದಳು. ಬಿಚ್ಚಿದರೆ ಒಂದು ಹಿಡಿ ಕುಚ್ಚಲಕ್ಕಿ, ಐದು ವೀಳ್ಯದೆಲೆ, ಒಂದು ಇಡೀ ಅಡಿಕೆ. ಜತೆಗೆ ಒಂದು ಚೀಟಿ: "ಮಾವ ಇದ್ದ ಕಡೆ ಇಡು." ನೆಲದಲ್ಲಿ ಮುಖ ಕಾಣುವಂತೆ ಹೊಳೆಯುವ ಆ ನಿಲ್ದಾಣದಲ್ಲಿ, ಬಿಳಿ ಕೈಗವಸು ತೊಟ್ಟ ಅಧಿಕಾರಿಣಿ ನಮ್ಮ ಅಡಿಕೆಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದಳು. ಇಸ್ಮಾಯಿಲ್ ಬ್ಯಾರಿ ನಡುವೆ ಬಾಯಿ ಹಾಕಿ, "ಗ್ರ್ಯಾಂಡ್‌ಫಾದರ್‌ಗೆ," ಎಂದರು. ಅವಳಿಗೆ ಅಜ್ಜಂದಿರ ಮೇಲೆ ಗೌರವ ಇತ್ತೆಂದು ಕಾಣುತ್ತದೆ. ಎಲೆ ಇಟ್ಟುಕೊಂಡು ಅಡಿಕೆ, ಅಕ್ಕಿ ವಾಪಸು ಕೊಟ್ಟಳು.

ಊರಿನ ಬಗ್ಗೆ ಹೇಳುವುದಾದರೆ, ಮಳೆ ಥೇಟು ನಮ್ಮದೇ. ಅದೇ ಕಪ್ಪು ಮೋಡ, ಅದೇ ಹೊಡೆತ. ವ್ಯತ್ಯಾಸ ಇಷ್ಟೇ, ಅಲ್ಲಿ ನೀರು ಚರಂಡಿಗೆ ಹೋಗುತ್ತದೆ, ನಮ್ಮಲ್ಲಿ ನನ್ನ ಅಂಗಡಿಗೆ ಬರುತ್ತದೆ. ರಸ್ತೆಯಲ್ಲಿ ಯಾರೂ ಉಗುಳುವುದಿಲ್ಲ. ಬೆಳಿಗ್ಗೆಯಿಂದ ಎಲೆಯಡಿಕೆ ಇಲ್ಲದೆ ಇಸ್ಮಾಯಿಲ್ ಬ್ಯಾರಿಯವರ ಮುಖ ಸಣ್ಣದಾಗಿತ್ತು. ನನ್ನ ಬ್ಯಾಗಿನಲ್ಲಿದ್ದ ಅಡಿಕೆಯ ಮೇಲೆ ಅವರಿಗೊಂದು ಕಣ್ಣು. "ಅದು ಮದುಮಗನದ್ದು, ಮುಟ್ಟಿದರೆ ಜಾಗ್ರತೆ," ಎಂದೆ.

ಸೆಂಬವಾಂಗ್, ಗೇಟಿನ ಎದುರು

ಮರುದಿನ ತಂಡದವರೆಲ್ಲ ಹಕ್ಕಿ ನೋಡಲು ಹೋದರು. ನಾವಿಬ್ಬರು ಟ್ಯಾಕ್ಸಿ ಹಿಡಿದು ದ್ವೀಪದ ಉತ್ತರ ತುದಿಗೆ ಹೋದೆವು. ಅಲ್ಲಿ ಸಮುದ್ರವೆಂದರೆ ಒಂದು ಅಗಲವಾದ ಹೊಳೆಯಷ್ಟೇ. ಆಚೆ ದಡದಲ್ಲಿ ಮಲೇಶಿಯಾ ಕಾಣುತ್ತದೆ, ಮನೆಯ ಮಾಡುಗಳು ಸಹ. ಈಚೆ ದಡದಲ್ಲಿ ಹಡಗುಕಟ್ಟೆ. ನೌಕಾಪಡೆ ಬಿಟ್ಟುಹೋದ ಮೇಲೆ ಈಗ ಅಲ್ಲಿ ವ್ಯಾಪಾರದ ಹಡಗುಗಳನ್ನು ರಿಪೇರಿ ಮಾಡುತ್ತಾರೆ.

ಬೇಲಿಯ ಸಂದಿಯಿಂದ ನೋಡಿದರೆ ನೀರಿನಿಂದ ಪೂರ್ತಿ ಮೇಲೆ ನಿಂತಿದ್ದ ಒಂದು ಹಡಗು ಕಂಡಿತು. ಹಡಗಿನ ಹೊಟ್ಟೆಯನ್ನು ನಾನು ನೋಡಿದ್ದು ಅದೇ ಮೊದಲು. ಇಡೀ ಮೂಡುಬಿದಿರೆ ಪೇಟೆಗೆ ಒಂದು ವರ್ಷಕ್ಕೆ ಸಾಕಾಗುವಷ್ಟು ಬಣ್ಣ ಆ ಒಂದು ಹೊಟ್ಟೆಗೆ ಬೇಕು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕುಳಿತು ಇಬ್ಬರು ಕೆಂಪು ಪ್ರೈಮರು ಹಚ್ಚುತ್ತಿದ್ದರು. ಎಡಗಡೆಯವನ ಕೈ ಚೆನ್ನಾಗಿತ್ತು. ಬಲಗಡೆಯವನು ತುಕ್ಕು ಪೂರ್ತಿ ಕೆರೆಯದೆ ಹಚ್ಚುತ್ತಿದ್ದ. ನನ್ನ ಅಂಗಡಿಯ ಪೈಂಟರ್ ಆಗಿದ್ದರೆ ಅಲ್ಲಿಯೇ ಇಳಿಸಿ ಬೈಯುತ್ತಿದ್ದೆ.

ಗೇಟಿನಲ್ಲಿ ಕಾವಲಿನವನು ತಡೆದ. ಇಸ್ಮಾಯಿಲ್ ಬ್ಯಾರಿ ತಮ್ಮ ಇಂಗ್ಲಿಷನ್ನು ಹೊರತೆಗೆದರು. ಇಲ್ಲಿ ಕೆಲಸಕ್ಕಿದ್ದ ಒಬ್ಬರಿಗೆ ಮದುವೆಯಾಗಿತ್ತೋ ಇಲ್ಲವೋ ಎಂದು ಕೇಳಲಿಕ್ಕೆ ಬಂದದ್ದು ಎಂದರು. ಅಪಾಯಿಂಟ್‌ಮೆಂಟ್ ಉಂಟಾ ಎಂದು ಅವನು ಕೇಳಿದ. "ಅವರು ತೀರಿಹೋಗಿದ್ದಾರೆ, ಅಪಾಯಿಂಟ್‌ಮೆಂಟ್ ಹೇಗೆ ಕೊಡುವುದು?" ಎಂದು ಇವರು. ಯಾವಾಗ ತೀರಿದ್ದು? ಜಪಾನಿನವರ ಕಾಲದಲ್ಲಿ. ಕಾವಲಿನವನು ಟೊಪ್ಪಿ ತೆಗೆದು, ತಲೆ ಕೆರೆದು, ಮತ್ತೆ ಟೊಪ್ಪಿ ಇಟ್ಟ. ತಮಿಳಿನವನಾಗಿದ್ದ. ಮದುವೆಯ ವಿಷಯ ಎಂದು ಗೊತ್ತಾದ ಮೇಲೆ ಅವನ ಮುಖವೇ ಬದಲಾಯಿತು. ನಮ್ಮ ಕಡೆಯ ದೇಶಗಳಲ್ಲಿ ಮದುವೆ ಎಂದರೆ ಪೊಲೀಸರೂ ದಾರಿ ಬಿಡುತ್ತಾರೆ. ಒಳಗೆ ಬಿಡುವಂತಿಲ್ಲ, ಆದರೆ ಆ ಕಟ್ಟಡಗಳ ಹಿಂದೆ ಒಂದು ಮಲಯಾಳಿ ಚಹದ ಅಂಗಡಿಯಿದೆ, ಹಳೆಯ ಕೆಲಸಗಾರರು ಬೆಳಿಗ್ಗೆ ಅಲ್ಲಿಯೇ ಕುಳಿತಿರುತ್ತಾರೆ, ಹೋಗಿ ಕೇಳಿ ಎಂದ.

ಚಹದ ಅಂಗಡಿ

ಅಲ್ಲಿ ಸಿಕ್ಕಿದವರು ಕುಂಞಂಬು ಎಂಬ ಎಂಬತ್ತು ವರ್ಷದ ಮುದುಕರು. ಊರು ಕಾಸರಗೋಡಿನ ಆಚೆ. ಕೈಯಲ್ಲಿ ಕೋಲು, ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಇಸ್ಮಾಯಿಲ್ ಬ್ಯಾರಿ ತಮ್ಮ ಭಾಷೆಯಲ್ಲಿ ಮಾತು ಶುರು ಮಾಡಿದ್ದೇ ತಡ, ಎದುರಿನ ಕುರ್ಚಿ ಎಳೆದು ಕೂರಿಸಿದರು.

"ದೂಮಪ್ಪ? ಮಂಗಳೂರು ದೂಮಪ್ಪನಾ?" ಎಂದರು. "ಅವನೂ ನಾನೂ ಒಂದೇ ಹಲಗೆಯಲ್ಲಿ ಕುಳಿತು ಬಣ್ಣ ಬಳಿದವರು!"

ದೂಮಪ್ಪ ಮಾವ ಪೈಂಟರ್ ಎಂದು ನನಗೆ ಗೊತ್ತಾದದ್ದು ಆಗ. ಕಾಗದದಲ್ಲಿ ಆತ ಅದನ್ನು ಬರೆದಿರಲಿಲ್ಲ. ನನಗೆ ಏನೆಂದು ಹೇಳಲಿ, ತುಂಬ ಖುಷಿಯಾಯಿತು. ಅಷ್ಟು ಹೊತ್ತು ಅದೊಂದು ಅಮ್ಮನ ಕೆಲಸವಾಗಿತ್ತು. ಈಗ ನನ್ನ ಮನೆಯವನೊಬ್ಬನನ್ನು ಹುಡುಕಿದ ಹಾಗಾಯಿತು.

ಕುಂಞಂಬು ನಮ್ಮನ್ನು ರಸ್ತೆಗೆ ಕರೆದುಕೊಂಡು ಹೋಗಿ ಕೋಲಿನಿಂದ ತೋರಿಸುತ್ತಾ ಹೋದರು. ಇದೆಲ್ಲ ಮೊದಲು ಕೆಸರು, ರಬ್ಬರ್ ತೋಟ. ಇಂಗ್ಲೆಂಡಿನಿಂದ ಒಂದು ತೇಲುವ ಕಟ್ಟೆಯನ್ನೇ ಸಮುದ್ರದ ಮೇಲೆ ಎಳೆದು ತಂದಿದ್ದರಂತೆ. ಅದು ಮುಳುಗುತ್ತದೆ, ಹಡಗು ಅದರ ಮೇಲೆ ಬಂದು ನಿಲ್ಲುತ್ತದೆ, ಆಮೇಲೆ ಹಡಗು ಸಮೇತ ಏಳುತ್ತದೆ. ದಡದಲ್ಲಿ ನೆಲ ಅಗೆದು ಮಾಡಿದ ಕಟ್ಟೆ ಬೇರೆ. ಅದನ್ನು ತೆರೆದ ದಿನ ದೊರೆಗಳೆಲ್ಲ ಬಂದು ಭಾಷಣ ಮಾಡಿದ್ದರು. ಗುಡ್ಡದ ಮೇಲೆ ಗಾಳಿ ಬರುವಲ್ಲಿ ಇಂಗ್ಲಿಷ್ ಅಧಿಕಾರಿಗಳ ಬಂಗಲೆಗಳು, ಬಿಳಿ ಗೋಡೆಗೆ ಕಪ್ಪು ಮರದ ಪಟ್ಟಿ, ಈಗಲೂ ಇವೆ. ಅದರ ಕೆಳಗೆ ಗುಮಾಸ್ತರ ಮನೆಗಳು. ತಗ್ಗಿನಲ್ಲಿ, ಸೊಳ್ಳೆ ಇರುವಲ್ಲಿ, ಕೂಲಿಗಳ ಸಾಲುಮನೆ. ರಸ್ತೆಗಳಿಗೆ ತಮ್ಮ ಸಾಮ್ರಾಜ್ಯದ ದೇಶಗಳ ಹೆಸರೇ ಇಟ್ಟಿದ್ದರು. ಎತ್ತರದಲ್ಲಿ ಯಾರು, ತಗ್ಗಿನಲ್ಲಿ ಯಾರು ಎಂದು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ, ಆದರೂ ಇಷ್ಟು ಅಚ್ಚುಕಟ್ಟಾಗಿ ನಕ್ಷೆ ಬರೆದು ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಅಷ್ಟೆಲ್ಲ ಕಟ್ಟಿದ ಮೇಲೆ ಜಪಾನಿನವರು ಬಂದದ್ದು ಹೇಗೆ ಗೊತ್ತುಂಟಾ?" ಕುಂಞಂಬು ನಗುತ್ತಾ ಹೇಳಿದ್ದನ್ನು ಇಸ್ಮಾಯಿಲ್ ಬ್ಯಾರಿ ನನಗೆ ದಾಟಿಸಿದರು. "ಮಲಯಾದ ಕಾಡಿನ ಕಡೆಯಿಂದ, ಸೈಕಲಿನಲ್ಲಿ! ಬ್ರಿಟಿಷರು ಆ ತೇಲುವ ಕಟ್ಟೆಯನ್ನು ತಾವೇ ಮುಳುಗಿಸಿ ಹೋದರು. ಜಪಾನಿನವರು ಅದನ್ನು ಎತ್ತಿದರು. ಆಮೇಲೆ ಬ್ರಿಟಿಷರ ಕಡೆಯವರ ವಿಮಾನಗಳು ಬಂದು ಬಾಂಬು ಹಾಕಿ ಮತ್ತೆ ಮುಳುಗಿಸಿದವು. ಕಟ್ಟೆ ಯಾರದ್ದಾದರೂ ಆಗಲಿ, ಬಣ್ಣ ಬಳಿಯುವವರು ನಾವೇ. ಆ ಬಾಂಬಿನಲ್ಲಿಯೇ ದೂಮಪ್ಪ ಹೋದದ್ದು."

ಸತ್ತದ್ದು ಹೌದು ಎಂಬುದೊಂದು ಆಯಿತು. ಇನ್ನೊಂದು ಪ್ರಶ್ನೆ ಉಳಿದಿತ್ತು. ಇಸ್ಮಾಯಿಲ್ ಬ್ಯಾರಿ ಒಂದನ್ನೂ ಬಿಡದೆ ಕುಲೆ ಮದುವೆ, ಕಮಲ, ಗಿರಿಜಕ್ಕ, ಆಟಿ ಎಲ್ಲವನ್ನೂ ವಿವರಿಸಿ, ಮದುವೆಯಾಗಿತ್ತಾ ಎಂದು ಕೇಳಿದರು. ಕುಂಞಂಬು ನಗಲಿಲ್ಲ. ಕೋಲನ್ನು ನೆಲಕ್ಕೆ ಊರಿ ನಿಂತರು.

"ಅದನ್ನು ನಾನು ಹೇಳುವುದಲ್ಲ. ಹೇಳಬೇಕಾದವಳು ಇದ್ದಾಳೆ. ಬನ್ನಿ."

ಇಲ್ಲ ಎಂಬ ಒಂದೇ ಮಾತಿಗೆ ಇಷ್ಟು ದೂರ ಬಂದವಳು ನಾನು. ಗಿರಿಜಕ್ಕ ಡಬ್ಬಿಯ ಮೇಲೆ ಕುಳಿತು ಹೇಳಿದ ಮಾತು ನೆನಪಾಗಿ, ದೂಮಪ್ಪ ಮಾವನ ಮೇಲೆ ವಿಪರೀತ ಸಿಟ್ಟು ಬಂತು.

ಆರನೇ ಮಾಳಿಗೆ

ಸರಕಾರ ಕಟ್ಟಿಸಿದ ಸಾಲು ಸಾಲು ಫ್ಲಾಟುಗಳು. ಕಿಟಕಿಯಿಂದ ಹೊರಗೆ ಚಾಚಿದ ಬಿದಿರಿನ ಕೋಲಿನಲ್ಲಿ ಬಟ್ಟೆ ಒಣಗುತ್ತಿತ್ತು. ಲಿಫ್ಟಿನಲ್ಲಿ ಆರನೇ ಮಾಳಿಗೆಗೆ ಹೋದೆವು. ಬಾಗಿಲು ತೆರೆದದ್ದು ಒಬ್ಬ ಚೀನೀ ಅಜ್ಜಿ. ನನ್ನ ಭುಜದಷ್ಟು ಎತ್ತರ, ಬಿಗಿಯಾಗಿ ಬಾಚಿದ ಬೆಳ್ಳಗಿನ ಕೂದಲು. ಹೆಸರು ಲಾನ್.

ಮಾತಿನ ವ್ಯವಸ್ಥೆ ಹೀಗಿತ್ತು. ಅಜ್ಜಿ ಕುಂಞಂಬುವಿಗೆ ಮಲಾಯ್ ಭಾಷೆಯಲ್ಲಿ, ಕುಂಞಂಬು ಇಸ್ಮಾಯಿಲ್ ಬ್ಯಾರಿಗೆ ಮಲಯಾಳದಲ್ಲಿ, ಇಸ್ಮಾಯಿಲ್ ಬ್ಯಾರಿ ನನಗೆ ತುಳುವಿನಲ್ಲಿ. ಅಜ್ಜಿ ಐದು ನಿಮಿಷ ಹೇಳಿದ್ದು ನನ್ನ ಹತ್ತಿರ ಬರುವಾಗ ಎರಡು ವಾಕ್ಯವಾಗುತ್ತಿತ್ತು. "ಥಿನ್ನರ್ ಹಾಕಬೇಡಿ ಬ್ಯಾರಿಗಳೇ, ಇದ್ದದ್ದು ಇದ್ದ ಹಾಗೆ ಹೇಳಿ," ಎಂದು ಗದರಿದ ಮೇಲೆ ಸರಿಹೋಯಿತು.

ಅಜ್ಜಿ ಸಣ್ಣ ಪ್ರಾಯದಲ್ಲಿ ಚೀನಾದಿಂದ ಹಡಗಿನಲ್ಲಿ ಬಂದವಳು. ತಲೆಗೆ ಕೆಂಪು ಬಟ್ಟೆ ಕಟ್ಟಿ, ಹೆಗಲ ಮೇಲೆ ಬಿದಿರಿನ ಅಡ್ಡೆಯಲ್ಲಿ ಎರಡು ಬುಟ್ಟಿ ಮಣ್ಣು ಹೊತ್ತು ಹಡಗುಕಟ್ಟೆ ಕಟ್ಟಿದ ಹೆಂಗಸರಲ್ಲಿ ಇವಳೂ ಒಬ್ಬಳು. ಒಂದು ದಿನ ಮೇಲಿನ ಹಲಗೆಯಿಂದ ಬಣ್ಣ ತೊಟ್ಟಿಕ್ಕಿ ಅವಳ ತಲೆಯ ಬಟ್ಟೆಯ ಮೇಲೆ ಬಿತ್ತು. ಕಾಲು ಗಂಟೆ ಬೈದಳಂತೆ. ಮೇಲಿದ್ದ ದೂಮಪ್ಪ ಮಾವನಿಗೆ ಒಂದು ಮಾತೂ ತಿಳಿಯಲಿಲ್ಲ. ಮರುದಿನ ಅವನು ಬಟ್ಟೆ ತೊಳೆಯಲಿಕ್ಕೆ ಸೀಮೆಎಣ್ಣೆ ತಂದುಕೊಟ್ಟ. "ಟರ್ಪಂಟೈನ್ ಆಗಿದ್ದರೆ ಕಲೆ ಪೂರ್ತಿ ಹೋಗುತ್ತಿತ್ತು," ಎಂದು ನನ್ನ ಬಾಯಿಂದ ಬಂತು. ಅದು ಮೂರು ಭಾಷೆ ದಾಟಿ ತಲುಪಿದಾಗ ಅಜ್ಜಿ ಗಟ್ಟಿಯಾಗಿ ನಕ್ಕಳು. ಕಲೆ ಹೋಗಲೇ ಇಲ್ಲವಂತೆ.

ಜಪಾನಿನವರ ಕಾಲದಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಬದುಕಿದರು. ಯುದ್ಧ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು. ಬಾಂಬು ಬಿದ್ದ ದಿನ, ಹೆಣಗಳನ್ನು ಒಟ್ಟಿಗೆ ಗುಂಡಿಗೆ ಹಾಕುವ ಮೊದಲು ಕುಂಞಂಬು ಅವನ ಸೊಂಟದಲ್ಲಿದ್ದ ಹಿತ್ತಾಳೆಯ ಬಿಲ್ಲೆಯನ್ನು ಬಿಚ್ಚಿ ತಂದು ಇವಳ ಕೈಗೆ ಕೊಟ್ಟರು. ಹಡಗುಕಟ್ಟೆಯ ಗೇಟಿನಲ್ಲಿ ತೋರಿಸಬೇಕಾದ ನಂಬರಿನ ಬಿಲ್ಲೆ ಅದು. ಶಾಂತಿ ಬಂದ ಮೇಲೆ ಲಾನ್ ಮದುವೆಯಾದಳು, ಆ ಬಿಲ್ಲೆಯನ್ನು. ಗಂಡಿನ ಜಾಗದಲ್ಲಿ ಒಂದು ಹುಂಜವನ್ನು ಹಿಡಿದು ನಿಲ್ಲಿಸಿದ್ದರಂತೆ. ಸತ್ತವರ ಮದುವೆ ಅವರಲ್ಲಿಯೂ ಉಂಟು!

"ನೋಡಿ ಅಕ್ಕ, ನಿಮ್ಮಲ್ಲಿ ಮಣೆ, ಇವರಲ್ಲಿ ಕೋಳಿ," ಎಂದರು ಇಸ್ಮಾಯಿಲ್ ಬ್ಯಾರಿ. "ನಿಮಗಿಂತ ಮೊದಲೇ ಇವರು ಮುಗಿಸಿಬಿಟ್ಟಿದ್ದಾರೆ."

ಗೋಡೆಯಲ್ಲಿ ಕೆಂಪು ಬಳಿದ ಒಂದು ಸಣ್ಣ ಹಲಗೆ. ಅದರ ಮೇಲೆ ಆ ಬಿಲ್ಲೆ, ಊದುಬತ್ತಿ, ಒಂದು ಕಿತ್ತಳೆ, ಒಂದು ಲೋಟ ಕಪ್ಪು ಕಾಫಿ. ನಾವು ಸಿದ್ಧಕಟ್ಟೆಯಲ್ಲಿ ವರ್ಷಕ್ಕೊಮ್ಮೆ ಹಿರಿಯರಿಗೆ ಬಡಿಸುವಾಗ ದೂಮಪ್ಪ ಮಾವನಿಗೂ ಕೋಳಿ, ರೊಟ್ಟಿ ಇಡುತ್ತೇವೆ. ಇಲ್ಲಿ ದಿನವೂ ಕಾಫಿ. ಹಸಿದು ತಿರುಗುತ್ತಿದ್ದಾನೆಂದು ನಾವು ತಿಳಿದುಕೊಂಡದ್ದೇ ತಪ್ಪು. ಬ್ಯಾಗಿನಿಂದ ಅಮ್ಮನ ಕುಚ್ಚಲಕ್ಕಿ, ಅಡಿಕೆ ತೆಗೆದು ಬಿಲ್ಲೆಯ ಎದುರು ಇಟ್ಟು ಕೈಮುಗಿದೆ. ಇಷ್ಟು ವರ್ಷಗಳಲ್ಲಿ ಅವನ ಮನೆಯಿಂದ ಬಂದವಳು ನಾನೊಬ್ಬಳೇ, ಅದೂ ಅವನಿಗೆ ಇನ್ನೊಂದು ಮದುವೆ ಮಾಡಲಿಕ್ಕೆ. ಕಣ್ಣು ತುಂಬಿತು, ನಾಚಿಕೆಯಲ್ಲಿ ತಲೆ ಎತ್ತಲಾಗಲಿಲ್ಲ.

"ನಾವು ಬಂದದ್ದು ಯಾಕೆ ಅಂತ ಹೇಳುವುದು ಬೇಡ ಬ್ಯಾರಿಗಳೇ," ಎಂದು ಪಿಸುಗುಟ್ಟಿದೆ.

"ಎಂತ ಹೇಳುವುದು ಅಕ್ಕ, ಕುಂಞಂಬು ಆಗಲೇ ಹೇಳಿ ಆಯಿತು."

ನೋಡಿದರೆ ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಪ್ರಶ್ನೆಗಳು ಶುರುವಾದವು. ಹುಡುಗಿಗೆ ಎಷ್ಟು ವರ್ಷ? ಹೇಗೆ ಸತ್ತಳು? ಗುಣ ಹೇಗೆ? ನೋಡಲಿಕ್ಕೆ ಹೇಗಿದ್ದಳು? ಹೆಣ್ಣಿನ ಕಡೆಯವರ ಪರವಾಗಿ ವಿಚಾರಣೆಗೆ ಹೋದವಳು ನಾನು. ಅಲ್ಲಿ ಗಂಡಿನ ಕಡೆಯವರು ನನ್ನನ್ನು ವಿಚಾರಿಸುತ್ತಿದ್ದರು. ಹದಿನಾರು, ಜ್ವರ, ಜಗಳಗಂಟಿ ಅಲ್ಲ, ಕೂದಲು ಉದ್ದ ಇತ್ತಂತೆ ಎಂದು ಗೊತ್ತಿದ್ದಷ್ಟು ಹೇಳಿದೆ. ಕೊನೆಗೆ ಅಜ್ಜಿ ಒಂದು ಪ್ರಶ್ನೆ ಕೇಳಿದಳು.

"ಅವಳಿಗೆ ಅವನ ಭಾಷೆ ಬರ್ತದಾ?"

"ಬರ್ತದೆ. ಅವಳೂ ನಮ್ಮ ಕಡೆಯವಳೇ."

ಅಜ್ಜಿ ಬಿಲ್ಲೆಯ ಕಡೆ ತಿರುಗಿ ಮಾತಾಡಿದಳು. ಕುಂಞಂಬು ಒಂದೊಂದೇ ಮಾತು ದಾಟಿಸಿದರು. ಇಸ್ಮಾಯಿಲ್ ಬ್ಯಾರಿಯವರ ದನಿಯಲ್ಲಿ ತಮಾಷೆ ಇರಲಿಲ್ಲ.

"ಅವನು ನಿದ್ದೆಯಲ್ಲಿ ಮಾತಾಡ್ತಿದ್ದ. ನಾನು ಎದ್ದು ಕೂತು ಕೇಳ್ತಿದ್ದೆ. ಯಾರನ್ನೋ ಕರೀತಿದ್ದ, ಎಂತದೋ ಕೇಳ್ತಿದ್ದ. ನನಗೆ ಒಂದು ಮಾತೂ ತಿಳೀತಿರಲಿಲ್ಲ, ಉತ್ತರ ಕೊಡುವುದು ಹೇಗೆ? ಆ ಹುಡುಗಿ ಬರಲಿ. ಅವನಿಗೆ ಮಾತಾಡಲಿಕ್ಕೆ ಒಬ್ಬಳಾಯಿತು."

ಒಳಗೆ ಹೋಗಿ ಒಂದು ಮರದ ಬಾಚಣಿಗೆ ತಂದು, ಕೆಂಪು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಳು. ಉದ್ದ ಕೂದಲಿನ ಮದುಮಗಳಿಗಂತೆ. ನಾನು ಅವಳ ಕಾಲು ಮುಟ್ಟಿದೆ. ಅದು ಅವರಲ್ಲಿ ಪದ್ಧತಿಯೋ ಅಲ್ಲವೋ ಗೊತ್ತಿಲ್ಲ, ಅಜ್ಜಿ ಗಾಬರಿಯಿಂದ ಕಾಲು ಹಿಂದಕ್ಕೆ ಎಳೆದುಕೊಂಡಳು.

ಶಿರ್ತಾಡಿ

ಹಿಂದೆ ಬರುವಾಗ ವಿಮಾನದಲ್ಲಿ ಇಸ್ಮಾಯಿಲ್ ಬ್ಯಾರಿ ಒಂದು ಉಪಾಯ ಹೇಳಿದರು.

"ಮದುವೆ ಆಗಿರಲಿಲ್ಲ ಅಂತ ಹೇಳಿಬಿಡಿ ಅಕ್ಕ. ಯಾರು ಹೋಗಿ ನೋಡ್ತಾರೆ? ಮುದುಕಿ ನೆಮ್ಮದಿಯಲ್ಲಿ ಇರ್ತಾರೆ. ನಾನಂತೂ ಬಾಯಿ ಬಿಡುವುದಿಲ್ಲ."

ಮನಸ್ಸು ಅತ್ತ ವಾಲಿದ್ದು ನಿಜ. ಶಿರ್ತಾಡಿಗೆ ಬಸ್ಸಿನಲ್ಲಿ ಹೋಗುವಾಗ ಆ ಸುಳ್ಳನ್ನು ಎರಡು ಸಲ ಬಾಯಿಪಾಠ ಸಹ ಮಾಡಿದೆ. ಗಿರಿಜಕ್ಕ ಜಗಲಿಯಲ್ಲಿ ಕಾಯುತ್ತಿದ್ದರು. ನೀರು ಬೆಲ್ಲ ಕೊಟ್ಟರು. ಮಂಚದ ಮೇಲೆ ಕಮಲನ ಸೀರೆ ಮಡಿಸಿ ಇಟ್ಟಿತ್ತು, ಹಸಿರು ಬಣ್ಣದ್ದು. ಅದನ್ನು ಕಂಡ ಮೇಲೆ ನನ್ನ ಕೈಲಾಗಲಿಲ್ಲ. ಸತ್ತವಳಿಗೆ ಒಮ್ಮೆ ಕೇಳದೆ ಮಾಡಿದ್ದಾಗಿದೆ, ಇನ್ನೊಮ್ಮೆ ಸುಳ್ಳು ಹೇಳಿ ಮಾಡುವುದು ಬೇಡ ಅನಿಸಿತು. ಇದ್ದದ್ದನ್ನೆಲ್ಲ ಹೇಳಿದೆ: ಬಣ್ಣ ಬಿದ್ದದ್ದು, ಬಾಂಬು ಬಿದ್ದದ್ದು, ಹುಂಜ, ಬಿಲ್ಲೆ, ಕಾಫಿ.

ಗಿರಿಜಕ್ಕನ ಮುಖ ಕಪ್ಪಾಯಿತು. ಎದ್ದು ಹೋಗಿ ಸೀರೆಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದರು.

"ಹಾಗಾದರೆ ಇದು ಬೇಡ ಮಗಾ," ಎಂದರು.

ನಾನು ಬಾಚಣಿಗೆ ತೆಗೆದುಕೊಟ್ಟು, ಲಾನ್ ಅಜ್ಜಿ ಹೇಳಿದ ಮಾತನ್ನು ಹೇಳಿದೆ. ಗಿರಿಜಕ್ಕ ಕೆಂಪು ಕಾಗದ ಬಿಡಿಸಿ ನೋಡುತ್ತಾ ನಿಂತರು.

"ಇದು ಅವಳೇ ಕೊಟ್ಟದ್ದಾ?"

"ಅವಳೇ."

"ನೀವು ಕೇಳಿದ್ದಾ?"

"ಇಲ್ಲ ಗಿರಿಜಕ್ಕ. ಹೇಳುವುದೇ ಬೇಡ ಅಂತ ಇದ್ದೆ ನಾನು."

"ಯಾರೂ ಒತ್ತಾಯ ಮಾಡಲಿಲ್ಲ? ಅವಳಾಗಿಯೇ ಬರಲಿ ಅಂದಳಾ?"

"ಅವಳಾಗಿಯೇ."

ಆಕೆ ಅತ್ತರು. ಐವತ್ತೈದು ವರ್ಷ ತಡೆದುಕೊಂಡದ್ದು ಅದು, ನಾನು ಸಮಾಧಾನ ಮಾಡಲು ಹೋಗಲಿಲ್ಲ. ಅತ್ತು ಮುಗಿಸಿ, ಸೆರಗಿನಲ್ಲಿ ಮುಖ ಒರೆಸಿ, ಕಪಾಟು ತೆರೆದು ಸೀರೆ ಮತ್ತೆ ಹೊರಗೆ ತೆಗೆದರು.

ಆಟಿಯ ಒಂದು ಮಧ್ಯಾಹ್ನ ಸಿದ್ಧಕಟ್ಟೆಯ ನಮ್ಮ ಮನೆಯಲ್ಲಿ ಮದುವೆಯಾಯಿತು. ಮದುವೆಯಾಗದ ಮಕ್ಕಳನ್ನು ಪದ್ಧತಿಯಂತೆ ಹೊರಗೆ ಕಳಿಸಿದ್ದೆವು. ಹಸಿರು ಸೀರೆಯ ಮೇಲೆ ಬಳೆ, ಕುಂಕುಮ, ಮರದ ಬಾಚಣಿಗೆ. ಪಕ್ಕದ ಮಣೆಯಲ್ಲಿ ಪಂಚೆ, ಶಲ್ಯ. ಇಸ್ಮಾಯಿಲ್ ಬ್ಯಾರಿ ಬಂಟ್ವಾಳದಿಂದ ಬಂದು, ಒಳಗೆ ಬಾರದೆ ಮಳೆಯಲ್ಲಿ ಜಗಲಿಯ ತುದಿಯಲ್ಲಿ ಕೂತಿದ್ದರು. ಗಂಡಿನ ಸಿಂಗಾಪುರದ ಕಡೆಯ ಒಬ್ಬರಾದರೂ ಬೇಕಲ್ಲ ಎಂದು ಅವರ ವಾದ.

ಧಾರೆಗೆ ಮುಂಚೆ ಗಿರಿಜಕ್ಕ ಎದ್ದರು. ದೂಮಪ್ಪ ಮಾವನ ಮಣೆಯ ಆಚೆ ಬದಿಯಲ್ಲಿದ್ದ ಕಾಲುದೀಪವನ್ನು ಎತ್ತಿ ದೂರಕ್ಕೆ ಇಟ್ಟರು. ಅಲ್ಲಿ ಇನ್ನೊಬ್ಬರು ಕೂರುವಷ್ಟು ಸ್ಥಳವಾಯಿತು.

ಅಮ್ಮ ಗಾಬರಿಯಾದಳು. "ಗಿರಿಜಾ, ಸಿಂಗಾಪುರದವಳು ಇನ್ನೂ ಬದುಕಿದ್ದಾಳೆ. ಬದುಕಿರುವವರಿಗೆ ಇಲ್ಲಿ ಮಣೆ ಇಡಲಿಕ್ಕಿಲ್ಲ."

"ಮಣೆ ಇಡುವುದಿಲ್ಲ," ಎಂದರು ಗಿರಿಜಕ್ಕ. "ಜಾಗ ಮಾತ್ರ ಬಿಡ್ತೇನೆ. ಅವಳು ನಿಧಾನಕ್ಕೆ ಬರಲಿ."